ಅಲ್ಪವಿರಾಮದ ಜಗಳ

ಜಗಳ ಶುರುವಾದದ್ದು ಒಂದು ಅಲ್ಪವಿರಾಮದಿಂದ. ಅದನ್ನು ಸಾಲಿನ ಕೊನೆಗೆ ಹಾಕಬೇಕೆಂದು ಚಿದಾನಂದಪ್ಪ, ಮುಂದಿನ ಸಾಲಿನ ತಲೆಗೆ ಹಾಕಬೇಕೆಂದು ಜಯಶ್ರೀ. ಬಳ್ಳಾರಿಯ ಕೌಲ್ ಬಜಾರಿನ ಟೈರ್ ಅಂಗಡಿಯ ಮೇಲಿದ್ದ ಆ ಪುಟ್ಟ ಕಂಪ್ಯೂಟರ್ ಆಫೀಸಿನಲ್ಲಿ ಮಾಲೀಕ ಹಾಕಿದ್ದನ್ನು ಕೆಲಸದವಳು ಕಿತ್ತು, ಕೆಲಸದವಳು ನೆಟ್ಟಿದ್ದನ್ನು ಮಾಲೀಕ ಕಿತ್ತು, ಸೊಸೆ ಗುಡಿಸಿದ ಅಂಗಳವನ್ನೇ ಅತ್ತೆ ಮತ್ತೆ ಗುಡಿಸಿದ ಹಾಗೆ ನಡೆದಿತ್ತು.

ಚಿದಾನಂದಪ್ಪ ಅದಿರಿನ ಲಾರಿ ತೂಗುವ ಕಾಟಾಗಳಿಗೆ ಪ್ರೋಗ್ರಾಮ್ ಬರೆದುಕೊಡುತ್ತಿದ್ದ. ಬರೆಯುತ್ತಿದ್ದುದು ಹ್ಯಾಸ್ಕೆಲ್ ಎಂಬ ಭಾಷೆಯಲ್ಲಿ. ಅದರಲ್ಲಿ ಪ್ರೋಗ್ರಾಮ್ ಅಂದರೆ ಗಿರಣಿಗಳ ಸಾಲು: ಒಂದರಲ್ಲಿ ಜೋಳ ಸುರಿದರೆ ನುಚ್ಚು, ಆ ನುಚ್ಚನ್ನು ಇನ್ನೊಂದಕ್ಕೆ ಸುರಿದರೆ ಹಿಟ್ಟು. ಈ ಭಾಷೆಯೇ ಯಾಕೆ ಎಂದು ಯಾರಾದರೂ ಕೇಳಿದರೆ, "ಬಳ್ಳಾರ್ಯಾಗ ಇನ್ನೊಬ್ಬಗ ಓದಾಕ ಬರಬಾರ್ದು, ಅದಕ್ಕ" ಎನ್ನುತ್ತಿದ್ದ.

ಊರಿನ ಮೇಲೆ ಕೆಂಪು ಧೂಳಿನ ಜೊತೆ ಅನುಮಾನವೂ ಕೂತಿದ್ದ ಕಾಲ ಅದು. ಹೊಸ ಕಾರು ಕಂಡರೆ ಅದು ಎಲ್ಲಿಂದ ಬಂತು ಎಂದೂ, ಹಳೆ ಕಾರು ಕಂಡರೆ ಹೊಸದನ್ನು ಎಲ್ಲಿ ಬಚ್ಚಿಟ್ಟಿದ್ದಾರೆ ಎಂದೂ ಜನ ಕೇಳುತ್ತಿದ್ದರು. ಕಾಟಾಗಳ ತಪಾಸಣೆಗೆ ಅಧಿಕಾರಿಗಳು ಬಂದಿದ್ದಾರೆ ಎಂಬ ಸುದ್ದಿ ಬೇರೆ ಹಬ್ಬಿತ್ತು.

ಅವತ್ತು ಬೆಳಿಗ್ಗೆ ಚಿದಾನಂದಪ್ಪ ಆಫೀಸಿನ ಇನ್ನೊಬ್ಬ ಕೆಲಸಗಾರ ಮುಸ್ತಾಕನನ್ನು ಕರೆದ. "ಸಾಲು ಒಪ್ಪ ಮಾಡೋ ಸಾಧನ ಇಂಟರ್ನೆಟ್‌ನ್ಯಾಗ ಅದಾವಂತ. ಎರಡು ತಂದು ಹೋಲಿಸಿ ನೋಡು. ಯಾವುದು ಚಲೋ ಐತಿ, ಸಂಜಿಕ ಹೇಳು. ಅದು ಹೇಳಿದಂಗ ಎಲ್ಲಾರೂ ಕೇಳೂದು. ಈ ಹುಡುಗಿ ಜೋಡಿ ನನಗ ಸಾಕಾಗೇತಿ."

"ನನಗೂ ಸಾಕಾಗೇತ್ರಿ ಸರ್" ಎಂದಳು ಜಯಶ್ರೀ, ತಲೆ ಎತ್ತದೆ.

ಮುಸ್ತಾಕನ ಮನಸ್ಸು ಮಾತ್ರ ಬೇರೆಲ್ಲೋ ಇತ್ತು. ಅವತ್ತು ಮಧ್ಯಾಹ್ನ ಅವನು ಮದುವೆಯಾಗಬೇಕೆಂದಿದ್ದ ಹುಮೇರಾಳ ತಂದೆ ಮಾಬುಸಾಬ್ ಸಿರುಗುಪ್ಪದಿಂದ ಬರುವವರಿದ್ದರು. ಹುಡುಗಿ ಒಪ್ಪಿದ್ದಳು, ಮುಸ್ತಾಕನ ತಾಯಿ ಖಾತೂನ್ ಒಪ್ಪಿದ್ದಳು. ಮಾಬುಸಾಬ್ ಒಬ್ಬರು ಒಪ್ಪಿರಲಿಲ್ಲ. ಭತ್ತದ ವ್ಯಾಪಾರಿ. ಚೀಲದ ಬಾಯಿ ಬಿಚ್ಚಿ ಕೈ ಹಾಕಿ ನೋಡದೆ ಯಾವುದನ್ನೂ ಒಪ್ಪಿದವರಲ್ಲ.

"ಈಗ ಎಲ್ಲಾ ಹುಡುಗರೂ ಕಂಪನ್ಯಾಗ ಅದೀನಿ ಅಂತಾವ" ಎಂದಿದ್ದರು. "ನೋಡಿದ್ರ ಲಾರಿ ಎಣಿಸ್ತಿರ್ತಾವ. ಪ್ರೋಗ್ರಾಮ್ ಬರೀತೀನಿ ಅಂತೀಯಲ್ಲ, ಅದರಾಗ ನಿನ್ನ ಹೆಸರು ಎಲ್ಲೈತಿ? ಕಣ್ಣಿಲೆ ನೋಡಿದ ಮ್ಯಾಲೆ ಮುಂದಿನ ಮಾತು."

ಹೆಸರು ಇರಲಿಲ್ಲ. ಯಾವ ಸಾಲು ಯಾರದ್ದು ಎಂದು ಕಂಪ್ಯೂಟರ್ ಆ ಸಾಲಿನ ಪಕ್ಕದಲ್ಲೇ ಹೆಸರು ತೋರಿಸುತ್ತಿತ್ತು. ಅಲ್ಲಿದ್ದವರು ಚಿದಾನಂದಪ್ಪ ಮತ್ತು ಜಯಶ್ರೀ ಇಬ್ಬರೇ. ಮುಸ್ತಾಕನ ಪಾಲಿಗೆ ಬಂದದ್ದು ವೈರು ಜೋಡಿಸುವುದು, ಪ್ರಿಂಟರಿನ ಧೂಳು ಊದುವುದು. ಈ ಕೆಲಸ ಚೆನ್ನಾಗಿ ಮಾಡಿದರೆ ಸರ್‌ಗೆ ಹೇಳಿ ನಾಕು ಸಾಲನ್ನಾದರೂ ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು ಎಂದು ಅವನು ಕೂತ.

ಸಾಧನಗಳು ಇಂಟರ್ನೆಟ್‌ನಿಂದ ಕಂಪ್ಯೂಟರಿಗೆ ಇಳಿದವು. ಚಿದಾನಂದಪ್ಪ ಬೆನ್ನ ಹಿಂದೆ ಬಂದು ನಿಂತ.

"ಎಷ್ಟು ಇದಕ್ಕ?"

"ಪುಕ್ಕಟೆ, ಸರ್."

"ಪುಕ್ಕಟೆ? ಬಳ್ಳಾರ್ಯಾಗ ಕುಡಿಯೋ ನೀರು ಪುಕ್ಕಟೆ ಇಲ್ಲ. ಯಾರು ಕೊಟ್ರು?"

"ಯಾವುದೋ ದೇಶದವ್ರು ಸರ್. ಬರೆದು, ಎಲ್ಲಾರಿಗೂ ಹಂಚ್ಯಾರ."

"ಯಾವ ದೇಶ? ನಮ್ಮ ಅದಿರು ಕೊಳ್ಳೋ ದೇಶನಾ?" ಚಿದಾನಂದಪ್ಪನ ಹುಬ್ಬುಗಳು ಕೂಡಿದವು. "ಮೊದ್ಲು ಪುಕ್ಕಟೆ ಕೊಡ್ತಾರ, ಆಮ್ಯಾಲೆ ನೆಲದಾಗ ಏನೈತಿ ಅಂತ ಅಗೀತಾರ. ಹುಷಾರು!"

ಚಹಾ ತಂದ ಗಾದೆಪ್ಪ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ಏನು ಮಾಡ್ತಾವ್ರಿ ಇವು?"

"ಒಂದು ಸಾಲು ಒಪ್ಪ ಮಾಡ್ತೈತಿ. ಇನ್ನೊಂದು ಸುಮ್ನ ಓದಿ ತಪ್ಪು ಹಿಡೀತೈತಿ" ಎಂದ ಮುಸ್ತಾಕ್.

"ಯಾರ ತಪ್ಪು?"

"ಯಾರದಾದ್ರೂ."

ಗಾದೆಪ್ಪ ತಾನು ತಂದ ಚಹಾವನ್ನು ಒಮ್ಮೆ ನೋಡಿದ. ಹಾಲಿನ ಬಣ್ಣ ಅವನಿಗೇ ಅನುಮಾನ ತರಿಸಿರಬೇಕು. ಲೋಟ ಇಡದೆಯೇ ಕೆಳಗಿಳಿದ. ಅವನ ಬಾಯಿಂದ ಸುದ್ದಿ ತಲುಪಿತೇನೋ, ಸ್ವಲ್ಪ ಹೊತ್ತಿಗೆ ಕೆಳಗಿನ ಅಂಗಡಿಯವರು ಹಳೆ ಟೈರುಗಳನ್ನು ಹಿತ್ತಿಲಿಗೆ ಉರುಳಿಸುವ ಸದ್ದು ಕೇಳಿಸಿತು.

ಮೊದಲನೆಯ ಸಾಧನ ಬಟ್ಟೆ ಮಡಚುವಂಥದ್ದು. ಅಂಗಿ ಹರಿದಿದೆಯೋ, ಕೊಳೆಯಾಗಿದೆಯೋ ಅದಕ್ಕೆ ಬೇಡ. ಅಂಚಿಗೆ ಅಂಚು ಕೂಡಿಸಿ ಅಡಕಿ ಇಡುತ್ತದೆ. ಎರಡನೆಯದು ಅಕ್ಕಿ ಆರಿಸುವಂಥದ್ದು. ಮೊರ ಸೊಟ್ಟಗಿದ್ದರೂ ಚಿಂತೆಯಿಲ್ಲ, ಕಲ್ಲು ಕಂಡರೆ ಬಿಡುವುದಿಲ್ಲ. ಒಂದು ಅಡುಗೆಮನೆಗೆ ಎರಡೂ ಬೇಕು, ಆದರೆ ಒಟ್ಟಿಗೆ ಬಿಟ್ಟರೆ ಕಷ್ಟ. ಆರಿಸುವುದು ಹೇಳಿದಂತೆ ಒಂದು ಆವರಣ ಚಿಹ್ನೆ ತೆಗೆದರೆ ಸಾಲು ಸೊಟ್ಟಗಾಗುತ್ತಿತ್ತು. ಮಡಚುವುದು ಅದನ್ನು ನೆಟ್ಟಗೆ ಮಾಡಿದರೆ ಆರಿಸುವುದು ಹೊಸ ತಕರಾರು ತೆಗೆಯುತ್ತಿತ್ತು. ನಡುವೆ ಮುಸ್ತಾಕ್ ಇಬ್ಬರು ಅತ್ತಿಗೆಯರ ಮಧ್ಯೆ ಸಿಕ್ಕ ಮೈದುನನಂತೆ ಬೆವತ.

ಕೊನೆಗೆ ಮಡಚುವ ಸಾಧನವನ್ನು ಇಡೀ ಪ್ರೋಗ್ರಾಮಿನ ಮೇಲೆ ಓಡಿಸಿಬಿಟ್ಟ. ಅಲ್ಪವಿರಾಮಗಳೆಲ್ಲ ಸಾಲಿನ ತಲೆಗೆ ಬಂದು ಕೂತವು. ಜಯಶ್ರೀ ಮೊದಲ ಸಲ ನಕ್ಕಳು.

ಚಿದಾನಂದಪ್ಪ ನಗಲಿಲ್ಲ. "ಏನು ಕೊಟ್ಟಾಳ ನಿನಗ?"

"ಏನೂ ಇಲ್ಲ ಸರ್."

"ಸುಳ್ಳು! ಮಧ್ಯಾಹ್ನ ಅಕಿ ಬುತ್ತಿ ಬಿಚ್ಚಿದಾಗ ನೀನು ಬಾಯಿ ಒರೆಸ್ಕೊಂಡಿದ್ದು ನೋಡೀನಿ."

"ಒಂದು ಹೋಳಿಗಿ ಸರ್..."

"ಹೋಳಿಗಿಗೆ ಕಾಮಾ ಮಾರಿದೇನಲೇ!"

ತಾನು ಯಾರ ಕಡೆಯೂ ಅಲ್ಲ ಎಂದು ತೋರಿಸಲು ಮುಸ್ತಾಕ್ ಅವಸರದಿಂದ ಎರಡನೆಯ ಸಾಧನವನ್ನು ಓಡಿಸಿದ. ಬಂದ ಟೀಕೆಗಳನ್ನು ದೊಡ್ಡದಾಗಿ ಓದತೊಡಗಿದ. ಇಲ್ಲಿ ಈ ಆವರಣ ಬೇಡ. ಇಲ್ಲಿ ಇದೇ ಮಾತನ್ನು ಚಿಕ್ಕದಾಗಿ ಹೇಳಬಹುದು. ಮುಂದಿನದನ್ನೂ ಅದೇ ಉತ್ಸಾಹದಲ್ಲಿ ಓದಿದ: "ಇಲ್ಲಿ ಪರೀಕ್ಷೆಯೇ ಬೇಕಿಲ್ಲ; ಎರಡು ಕಡೆಯೂ ಒಂದೇ ಉತ್ತರ. ಲಾರಿಯ ತೂಕ ಮಿತಿ ಮೀರಿದರೆ 'ಸರಿಯಿದೆ'. ಮೀರದಿದ್ದರೂ 'ಸರಿಯಿದೆ'."

ಓದಿ ಮುಗಿದ ಮೇಲೆ ಅವನಿಗೆ ಅರ್ಥವಾಯಿತು. ಜಯಶ್ರೀ ಕೀಲಿಮಣೆಯ ಮೇಲೆ ಬೆರಳಿಟ್ಟವಳು ಹಾಗೇ ಉಳಿದಳು. ಚಿದಾನಂದಪ್ಪ ಎದ್ದು ಕಿಟಕಿ ಮುಚ್ಚಿದ.

"ಅದಕ್ಕ ಹೇಳಿದ್ದು" ಎಂದ ಮೆಲ್ಲಗೆ, "ಪುಕ್ಕಟೆ ಬಂದಿದ್ದು ಅಗೀತೈತಿ ಅಂತ."

"ಆ ಸಾಲು ತೆಗೀಲೇನ್ ಸರ್?"

"ಎಲ್ಲಾ ಕಾಟಾದಾಗೂ ಅದೇ ಓಡಾಕ ಹತ್ತೈತಿ. ಇಲ್ಲಿ ತೆಗದು ಏನ್ ಮಾಡ್ತಿ? ಸುಮ್ನ ಕೂಡು."

ಆಗಲೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಮಾಬುಸಾಬ್ ಬಂದರು. ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ, ಒರೆಸಿದ ಕೆಂಪನ್ನು ನೋಡಿ, ಕೂತರು. ಚಿದಾನಂದಪ್ಪನ ಮೊಬೈಲ್ ಗುಂಯ್‌ಗುಟ್ಟಿತು. ಅವನು ಹೊರಗೆ ಹೋಗಿ ಮಾತಾಡಿ, ಬಗ್ಗಿ ರಸ್ತೆ ನೋಡಿ, ಒಳಗೆ ಬಂದ. ಬಂದವನ ಮುಖದ ಮೇಲೆ ಎಂದೂ ಇರದ ಪ್ರೀತಿ ಇತ್ತು.

"ಸಾಬ್ರೇ, ಹುಡುಗನ ಕೆಲಸ ನೋಡಾಕ ಬಂದೀರಾ? ನೋಡ್ರಿ!" ಎಂದು ಕಂಪ್ಯೂಟರನ್ನು ಅವರ ಕಡೆ ತಿರುಗಿಸಿದ.

ಮುಸ್ತಾಕ್ ಇಣುಕಿದ. ಮೊದಲ ಸಾಲಿನ ಪಕ್ಕ ಅವನ ಹೆಸರು. ಎರಡನೆಯದರ ಪಕ್ಕವೂ. ಕೆಳಗೆ ಜರುಗಿಸಿದಷ್ಟೂ ಮುಸ್ತಾಕ್, ಮುಸ್ತಾಕ್, ಮುಸ್ತಾಕ್. ಕಂಪ್ಯೂಟರ್ ತೋರಿಸುವುದು ಸಾಲನ್ನು ಕೊನೆಗೆ ಮುಟ್ಟಿದವರ ಹೆಸರನ್ನು. ಮಡಚುವ ಸಾಧನ ಅವನ ಕೈಯಿಂದ ಒಂದೂ ಬಿಡದೆ ಎಲ್ಲ ಸಾಲನ್ನೂ ಮುಟ್ಟಿಸಿತ್ತು.

"ಇಷ್ಟೂ ಇವನದಾ?" ಮಾಬುಸಾಬ್ ಬೆರಳಿಟ್ಟು ಒಂದೊಂದೇ ಹೆಸರು ಓದಿದರು.

"ಒಂದಕ್ಷರ ಬಿಡದಂಗ! ನಾವೆಲ್ಲಾ ಬರೇ ಹೆಸರಿಗೆ."

ಮಾಬುಸಾಬರ ಗಡ್ಡದೊಳಗೆ ನಗು ಮೂಡಿತು. ಎದ್ದು ಮುಸ್ತಾಕನನ್ನು ತಬ್ಬಿಕೊಂಡರು. "ನನ್ನ ತಪ್ಪಾತು ಅಳಿಯಾ! ನಾ ನಿನ್ನ ಮ್ಯಾಲೆ ಅನುಮಾನ ಪಟ್ಟೆ. ನಾಳೆನೇ ನಿಮ್ಮಮ್ಮನ್ನ ಕರಕೊಂಡು ಮನಿಗೆ ಬಾ."

ಹುಮೇರಾ ಸಿಕ್ಕಳು! ಮುಸ್ತಾಕನ ಕಣ್ಣು ತುಂಬಿ ಬಂತು. ಆ ಸುಖದಲ್ಲಿ ಅವನು ಮೆಟ್ಟಿಲ ಮೇಲಿನ ಬೂಟುಗಳ ಸದ್ದನ್ನು ಗಮನಿಸಲಿಲ್ಲ.

ಒಳಗೆ ಬಂದ ಇಬ್ಬರಲ್ಲಿ ಹಿರಿಯ ಅಧಿಕಾರಿ ಸುತ್ತ ನೋಡಿ ಕೇಳಿದ, "ಕಾಟಾಗಳ ಪ್ರೋಗ್ರಾಮ್ ಬರೆದವರು ಯಾರು?"

"ಇವರೇ ಸರ್" ಎಂದು ಚಿದಾನಂದಪ್ಪ ಕೈ ಮುಗಿದ. "ಪ್ರತಿ ಸಾಲಿಗೂ ಹೆಸರೈತಿ, ನೋಡ್ರಿ. ಇವರ ಮಾವನವರೂ ಈಗ ತಾನೇ ಓದ್ಯಾರ."

ಅಧಿಕಾರಿ ಮಾಬುಸಾಬರ ಕಡೆ ತಿರುಗಿದ. "ನೀವು ಇವರ ಮಾವನಾ?"

ಮಾಬುಸಾಬ್ ಮುಸ್ತಾಕನ ಹೆಗಲ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದರು.

"ನಾನಾ? ಇಲ್ಲರಿ ಸಾಹೇಬ್ರ" ಎಂದರು ಚಪ್ಪಲಿ ಮೆಟ್ಟುತ್ತಾ. "ಸಿರುಗುಪ್ಪ ಬಸ್ಸು ಎಲ್ಲಿ ನಿಲ್ತೈತಿ ಅಂತ ಕೇಳಾಕ ಬಂದಿದ್ದೆ."