ಭಾರ ಎತ್ತಬಾರದು

ಇನ್ನೊಂದೇ ದಿನ ಉಳಿದಿತ್ತು. ನೂಲಿನ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಒಂದೇ ಮಿಷನ್ನಿನ ಮುಂದೆ ನಿಂತು ನಿಂತು, ಕಂಬಣ್ಣನೆಂಬ ಅಡ್ಡಹೆಸರನ್ನೂ ಎಡಗಾಲಿನ ತುಂಬ ಹಾವಿನ ಮರಿಗಳಂತೆ ಉಬ್ಬಿದ ನರಗಳನ್ನೂ ಸಂಪಾದಿಸಿದ್ದ ಮನುಷ್ಯ ಅವನು. ಆ ನರಗಳನ್ನು ಡಾಕ್ಟರು ಒಳಗಿಂದಲೇ ಸುಟ್ಟು ಮುಚ್ಚಿ ಇಂದಿಗೆ ಹದಿಮೂರು ದಿನ. ನಾಳೆ ಅವರು ಕಾಲು ನೋಡಿ, ಕೆಲಸಕ್ಕೆ ಯೋಗ್ಯನೆಂದು ಚೀಟಿ ಬರೆದು ರುಜು ಹಾಕಬೇಕು. ಚೀಟಿ ತಂದರೆ ಮಿಷನ್ನು ಅವನದು. ತಾರದಿದ್ದರೆ ನಾಡಿದ್ದಿನಿಂದ ಬೇರೆಯವನದು. ಗಿರಣಿಯ ಸೂಪರ್‌ವೈಸರ್ ಇದನ್ನು ಎರಡು ಸಲ ಹೇಳಿದ್ದ.

"ಗಂಟೆಗೆ ಹತ್ತು ನಿಮಿಷ ನಡಿ. ನಿಂತಲ್ಲೇ ನಿಲ್ಲಬೇಡ. ಕೂತರೆ ಕಾಲು ಮೇಲಿಡು, ಪಾದ ಮೇಲೆ ಕೆಳಗೆ ಆಡಿಸು. ಓಟ ಇಲ್ಲ, ಬಸ್ಕಿ ಇಲ್ಲ, ಭಾರ ಎತ್ತೋದು ಇಲ್ಲವೇ ಇಲ್ಲ" ಎಂದಿದ್ದರು ಡಾಕ್ಟರು. ಕಂಬಣ್ಣ ಅದನ್ನು ಸ್ತೋತ್ರದಂತೆ ಬಾಯಿಪಾಠ ಮಾಡಿ, ಏಳುವಾಗೊಮ್ಮೆ ಮಲಗುವಾಗೊಮ್ಮೆ ಹೇಳಿಕೊಳ್ಳುತ್ತಿದ್ದ.

ಆ ಬೆಳಿಗ್ಗೆಯೂ ಹೆಂಡತಿ, ದೊಡ್ಡ ದಿಂಬಿಗೆ ಚಿಕ್ಕ ಗವುಸು ತುರುಕುವ ಹಾಗೆ, ಅವನ ಕಾಲಿಗೆ ಬಿಗಿ ಕಾಲುಚೀಲ ಏರಿಸಿ ಅಂಗಳಕ್ಕೆ ಅಟ್ಟಿದಳು. ಕೆಳಮನೆಯ ಡ್ರಿಲ್ ಮೇಷ್ಟ್ರು ಕಾದೇ ಇದ್ದರು. ನಿವೃತ್ತರಾಗಿ ಹದಿನೈದು ವರ್ಷವಾಗಿದ್ದರೂ ಅವರ ಕೊರಳಿನ ಸೀಟಿ ಮಾತ್ರ ಇನ್ನೂ ಸೇವೆಯಲ್ಲಿತ್ತು.

"ಏನಯ್ಯಾ ಇದು, ಕಳೆದುಹೋದ ಗುಂಡಿ ಹುಡುಕೋ ಹಾಗೆ ನಡೀತೀಯ! ಇದೂ ಒಂದು ವ್ಯಾಯಾಮವಾ? ಹಾಕು ಐವತ್ತು ಬಸ್ಕಿ, ನರ ತಾನಾಗಿ ಒಳಗೆ ಹೋಗುತ್ತೆ!"

"ಬಸ್ಕಿ ಇಲ್ಲ ಅಂದಿದ್ದಾರೆ ಮೇಷ್ಟ್ರೇ."

"ಯಾರು? ಆ ಡಾಕ್ಟರಾ? ಮೂರು ಮಹಡಿ ಹತ್ತೋಕೆ ಮೂರು ಸಲ ಕೂರ್ತಾರೆ, ಅವರೇನು ಹೇಳ್ತಾರೆ ನಿನಗೆ!"

ಡಾಕ್ಟರ ಕ್ಲಿನಿಕ್ಕು ಕಂಬಣ್ಣನಿದ್ದ ಕಟ್ಟಡದಲ್ಲೇ ಕೆಳಗೆ, ಅವರ ಮನೆ ಮೂರನೆಯ ಮಹಡಿಯಲ್ಲಿ. ಹನ್ನೊಂದು ಗಂಟೆಗೆ, ಕಂಬಣ್ಣ ಅಂದಿನ ನಾಲ್ಕನೆಯ ನಡಿಗೆಯಲ್ಲಿದ್ದಾಗ, ಕಾಂಪೌಂಡರ್ ಮೆಟ್ಟಿಲಿಳಿದು ಬಂದು ಗೋಡೆಗೆ ಒರಗಿದ.

"ಡಾಕ್ಟರು ತೀರ್ಕೊಂಡ್ರು. ಮೇಲೆ ಮನೇಲಿ, ಕೂತ ಕುರ್ಚೀಲೇ."

ಕಂಬಣ್ಣನ ಬಾಯಿಂದ ಹೊರಟ ಮೊದಲ ಮಾತು, "ನಾಳೆ ನನ್ನದಿತ್ತಲ್ಲ!" ಹೆಂಡತಿ ಅವನ ತೋಳನ್ನು ಚಿವುಟಿದಳು. ಅವನಿಗೂ ನಾಚಿಕೆಯಾಯಿತು, ಒಳ್ಳೆಯ ಮನುಷ್ಯರು, ಕಾಲು ಮುಟ್ಟಿ ನೋಡುವಾಗಲೂ ಮಗುವಿನದೇನೋ ಎಂಬಂತೆ ಮುಟ್ಟುತ್ತಿದ್ದವರು. ಕಣ್ಣು ತುಂಬಿತು. ಆ ನೀರಿನಲ್ಲಿ ಡಾಕ್ಟರದೆಷ್ಟು, ಮಿಷನ್ನಿನದೆಷ್ಟು ಎಂದು ಅವನಿಗೇ ತಿಳಿಯಲಿಲ್ಲ.

ಮೂರು ಗಂಟೆಗೆ ದೇಹವನ್ನು ಇಳಿಸಬೇಕಾಯಿತು. ಲಿಫ್ಟಿಲ್ಲದ ಕಟ್ಟಡ, ಕಿರಿದಾದ ಮೆಟ್ಟಿಲು. ಗಂಡಸರೆಲ್ಲ ಕೆಲಸಕ್ಕೆ ಹೋದ ಹೊತ್ತು. ಕ್ಲಿನಿಕ್ಕಿನ ಸ್ಟ್ರೆಚರಿಗೆ ನಾಲ್ಕು ಹಿಡಿ, ಸಿಕ್ಕವರು ಮೂವರು: ಕಾಂಪೌಂಡರ್, ಡ್ರಿಲ್ ಮೇಷ್ಟ್ರು, ಮತ್ತು ಗಿರಣಿಯ ಪರವಾಗಿ ಹೂವು ತಂದಿದ್ದ ಸಾಕ್ಷಾತ್ ಸೂಪರ್‌ವೈಸರ್. ಮೂವರೂ ಕಂಬಣ್ಣನನ್ನು ನೋಡಿದರು.

"ನಾನು ಭಾರ ಎತ್ತೋ ಹಾಗಿಲ್ಲ" ಎಂದ ಅವನು ನೆಲ ನೋಡುತ್ತ.

"ಥೂ! ಯಾರಯ್ಯಾ ಹಾಗಂದಿದ್ದು?" ಮೇಷ್ಟ್ರು ಗುಡುಗಿದರು.

ಕಂಬಣ್ಣ ಸ್ಟ್ರೆಚರಿನ ಕಡೆ ಕೈ ತೋರಿಸಿದ. "ಇವರೇ."

ಎಲ್ಲರೂ ಡಾಕ್ಟರತ್ತ ತಿರುಗಿದರು. ಡಾಕ್ಟರು ಅಲ್ಲಗಳೆಯಲಿಲ್ಲ.

ಅತ್ತು ಅತ್ತು ಮುಖ ಊದಿಕೊಂಡಿದ್ದ ಡಾಕ್ಟರ ಹೆಂಡತಿ ತಲೆಯೆತ್ತಿದರು. "ಅವರು ಬೇಡ ಅಂದಮೇಲೆ ಬೇಡ. ನೀನು ಸುಮ್ನೆ ಮುಂದೆ ನಡಿಯಪ್ಪಾ."

ನಾಲ್ಕನೆಯ ಹಿಡಿಯನ್ನು ಆಕೆಯೇ ಹಿಡಿದರು. ಕಂಬಣ್ಣ ಮುಂದೆ ನಡೆದ. ಒಂದೊಂದು ಮೆಟ್ಟಿಲೂ ಅವನ ಮುಖಕ್ಕೆ ಉಗುಳಿದಂತಿತ್ತು. ಎರಡನೆಯ ಮಹಡಿಯ ತಿರುವಿನಲ್ಲಿ ಡಾಕ್ಟರ ಹೆಂಡತಿಯ ಕೈ ಸೋತಿತು, ಸ್ಟ್ರೆಚರು ವಾಲಿತು, ಬಿಳಿ ಹೊದಿಕೆಯೊಳಗಿಂದ ಡಾಕ್ಟರ ಕೈ ಹೊರಬಿದ್ದು ತೂಗಾಡಿತು. ಕಂಬಣ್ಣ ಹಿಂದಿರುಗಿ ನೋಡಿದ. ಆಮೇಲೆ ಅವನು ಯೋಚಿಸಲಿಲ್ಲ. ಓಡಿಬಂದು, ಮಂಡಿ ಬಗ್ಗಿಸಿ, ಭಾರವನ್ನು ಹೆಗಲಿಗೇರಿಸಿದ. ಬಾಯಿಪಾಠ ಮಾಡಿದ್ದೆಲ್ಲ ಒಂದೇ ಉಸಿರಿನಲ್ಲಿ ಮಣ್ಣುಪಾಲಾಯಿತು. ಸ್ಮಶಾನದವರೆಗೂ ಹೆಗಲು ಬದಲಿಸಲಿಲ್ಲ. ಕಾಲು ಸ್ವಲ್ಪ ಜುಮ್ಮೆಂದಿತು, ಅಷ್ಟೇ.

ಎಲ್ಲ ಮುಗಿದ ಮೇಲೆ, ಸ್ಮಶಾನದ ಗೇಟಿನ ಬಳಿ ಕಾಂಪೌಂಡರ್ ಜೇಬಿನಿಂದ ಒಂದು ಲಕೋಟೆ ತೆಗೆದ. "ಡಾಕ್ಟರ ಮೇಜಿನ ಮೇಲಿತ್ತು ಕಂಬಣ್ಣ. ನಿಮ್ಮ ಹೆಸರಲ್ಲಿ."

ಒಳಗೆ ಚೀಟಿ! ಕಾಲು ಪೂರ್ತಿ ವಾಸಿಯಾಗಿದೆ, ನಿಲ್ಲಬಹುದು, ಭಾರ ಎತ್ತಬಹುದು, ಕೆಲಸಕ್ಕೆ ಯೋಗ್ಯ. ಕೆಳಗೆ ದುಂಡನೆಯ ರುಜು, ಮೊಹರು. ಕಂಬಣ್ಣ ಆಕಾಶಕ್ಕೆ ಕೈಮುಗಿದು, ಅಲ್ಲೇ ಸೂಪರ್‌ವೈಸರನ ಕೈಗಿಟ್ಟ.

ಸೂಪರ್‌ವೈಸರ್ ಓದಿದ. ಇನ್ನೊಮ್ಮೆ ಓದಿದ. ಅವನ ಮುಖ ಸಪ್ಪಗಾಯಿತು.

"ಅಯ್ಯಾ, ಇದರಲ್ಲಿ ನಾಳೆಯ ತಾರೀಖಿದೆ."

"ಮುಂಚೆಯೇ ಬರೆದಿಡೋದು ಅವರ ಅಭ್ಯಾಸ ಸಾರ್" ಎಂದ ಕಾಂಪೌಂಡರ್. "ಹದಿನಾಲ್ಕು ದಿನ ತುಂಬೋ ತಾರೀಖೇ ಹಾಕಿಬಿಡ್ತಿದ್ರು. ಪೇಷಂಟು ಕಾಯಬಾರದು ಅಂತ."

"ಇವತ್ತು ಮಣ್ಣಾದೋರು ನಾಳೆ ರುಜು ಹಾಕಿದ್ದಾರೆ ಅಂತ ನಾನು ಆಫೀಸಲ್ಲಿ ಹೇಗಪ್ಪಾ ಹೇಳಲಿ? ಗಿರಣಿಯ ಹೂವು ನಾನೇ ಇಟ್ಟು ಬಂದಿದ್ದೀನಿ!"

"ಬೇರೆ ಡಾಕ್ಟರ ಹತ್ತಿರ ಬರೆಸಲಾ ಸಾರ್?"

"ಅವರು ಮೊದಲಿಂದ ನೋಡ್ತಾರೆ" ಎಂದ ಕಾಂಪೌಂಡರ್ ಮೆಲ್ಲಗೆ. "ಮತ್ತೆ ಹದಿನಾಲ್ಕು ದಿನ."

ಸೂಪರ್‌ವೈಸರ್ ಚೀಟಿಯನ್ನು ಮಡಚಿ ಕಂಬಣ್ಣನ ಜೇಬಿನಲ್ಲಿಟ್ಟು, ಹೆಗಲು ತಟ್ಟಿದ. "ನಿನ್ನ ಕಾಲು ಗಟ್ಟಿಯಾಗಿದೆ ಅಂತ ನನಗೆ ಗೊತ್ತು ಕಣಯ್ಯಾ. ಕಣ್ಣಾರೆ ನೋಡಿದೆ. ಆದರೆ ನನ್ನ ಕಣ್ಣಿಗೆ ಮೊಹರಿಲ್ಲವಲ್ಲ. ಮಿಷನ್ನಿಗೆ ನಾಡಿದ್ದು ಬೇರೆಯವನನ್ನ ಹಾಕ್ತೀನಿ, ಬೇಜಾರು ಮಾಡ್ಕೋಬೇಡ."

ಇದಕ್ಕೇನು ಮಾಡುವುದೆಂದು ಕೇಳಲು, ಹದಿಮೂರು ದಿನದ ಅಭ್ಯಾಸದಂತೆ, ಕಂಬಣ್ಣ ಡಾಕ್ಟರ ಕಡೆ ತಿರುಗಿದ. ಗುದ್ದಲಿಯವನು ಮಣ್ಣನ್ನು ತಟ್ಟಿ ತಟ್ಟಿ ಸಮ ಮಾಡುತ್ತಿದ್ದ.