ಅತ್ತೆ ನೀರು ಹಾಕುತ್ತಿದ್ದ ಕುಣಿ

ದೆವ್ವಕ್ಕೆ ನಾನು ಹೆದರುವವಳಲ್ಲ. ಅತ್ತೆಗೆ ಹೆದರುತ್ತೇನೆ. ಅತ್ತೆಯೇ ದೆವ್ವವಾಗಿ ಬಂದರೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಕಲಿತದ್ದು ಎರಡನೇ ಇಯತ್ತೆ. ಅಲ್ಲಿ ಕೂಡಿಸುವುದು, ಕಳೆಯುವುದು ಇತ್ತು, ಭಾಗಾಕಾರ ಮೂರನೆಯದರಲ್ಲಂತೆ. ಅಷ್ಟರಲ್ಲಿ ಮದುವೆ ಮಾಡಿದರು. ಭಾಗ ಮಾಡುವುದನ್ನು ರೊಟ್ಟಿ ಬುಟ್ಟಿಯ ಮುಂದೆ ಕೂತು ಕಲಿತೆ.

ನಮ್ಮದು ರಾಯಬಾಗದ ಕಡೆಯ ಹಳ್ಳಿ. ದನದ ಕೊಟ್ಟಿಗೆಗೆ ಕರೆಂಟ್ ಎಳೆದು ಮೇವಿನ ಕಣಕಿ ಕತ್ತರಿಸುವ ಮಷೀನ್ ಕೂಡಿಸಿದ ವರ್ಷ ನಾನು ತವರಿಗೆ ಹೋಗಿದ್ದೆ. ತಿರುಗಿ ಬಂದು ನೋಡಿದರೆ ಕೊಟ್ಟಿಗೆಯ ಹಿಂದೆ ಒಂದು ಕುಣಿ, ಕುಣಿಯಲ್ಲಿ ಹೂತ ಕಬ್ಬಿಣದ ಪೈಪು, ಪೈಪಿಗೆ ಅರಿಷಿಣ ಕುಂಕುಮ. ಹೊತ್ತು ಮುಳುಗುವಾಗ ಅತ್ತೆ ತಲೆಯ ಮೇಲೆ ಸೆರಗು ಹೊದ್ದು ಅದಕ್ಕೊಂದು ಕೊಡ ನೀರು ಸುರಿದು ಕೈಮುಗಿಯುತ್ತಿದ್ದರು. ಅವರಿಗೆ ದೇವರುಗಳ ಕೊರತೆ ಇರಲಿಲ್ಲ. ಇದೊಂದು ಹೊಸದು ಸೇರಿತು ಅಂದುಕೊಂಡೆ. ಸಾಯುವ ಮುಂದೆ ನನ್ನ ಮೊಣಕೈ ಹಿಡಿದು, "ಕುಣಿಗೆ ನೀರು ಹಾಕೋದು ಬಿಡಬ್ಯಾಡ ಬೇ" ಅಂದರು. ನಾನು ಹೂಂ ಅಂದೆ. ಸಾಯುವವರಿಗೆ ಎಲ್ಲರೂ ಹೂಂ ಅನ್ನುತ್ತಾರೆ. ತಿಥಿ ಮುಗಿದ ಮರುದಿನವೇ ಬಿಟ್ಟೆ. ಬೆನ್ನು ನನ್ನದು, ಪೈಪು ಅವರದು.

ಬೇಸಿಗೆ ಬಿತ್ತು. ನಮ್ಮ ಎಮ್ಮೆ ಗಂಗಿಗೆ ಏನೋ ಆಯಿತು. ಹಗಲೆಲ್ಲ ಚೆನ್ನಾಗಿರುವುದು. ಹೊತ್ತು ಮುಳುಗಿ, ಅತ್ತೆ ಕೊಡ ಹೊತ್ತು ಬರುತ್ತಿದ್ದ ವೇಳೆಗೆ ಸರಿಯಾಗಿ ಒಮ್ಮೆ ಬೆಚ್ಚಿ, ನಾಲ್ಕೂ ಕಾಲು ಒಂದೆಡೆ ಕೂಡಿಸಿ ನಡುಗುವುದು. ಮುಂದಿಟ್ಟ ಹಿಂಡಿಗೆ ಮೂತಿ ಚಾಚಿ, ಯಾರೋ ಬೈದಂತೆ ಹಿಂದೆ ಸರಿಯುವುದು. ಹಾಲು ಇಳಿಸಲಿಲ್ಲ. ಮಗ ಸಂಜೆ ಹಿಂಡಲು ಕೂತು ಎರಡು ಸಲ ಒದೆಸಿಕೊಂಡ. "ಯವ್ವಾ, ಇದಕ್ಕ ಗಾಳಿ ಬಡದೈತಿ. ಬರೂ ಸಂತಿಗೆ ಹೊಡಕೊಂಡ ಹೊಕ್ಕೀನಿ" ಅಂದ. ಗಂಗಿ ನನ್ನ ಕೈಯಲ್ಲಿ ಹುಟ್ಟಿದ ಎಮ್ಮೆ. ಮನೆಯಲ್ಲಿ ನನ್ನ ಮಾತು ಕೇಳುತ್ತಿದ್ದವಳು ಅವಳೊಬ್ಬಳೇ.

ಆ ಸಂಜೆ ಬರಿಗಾಲಲ್ಲೇ ಹೋಗಿ ಅವಳ ಸರಪಳಿ ಹಿಡಿದೆ. ನೆಲ ಗಂಜಲದಿಂದ ಒದ್ದೆಯಾಗಿತ್ತು. ಮೊಣಕೈವರೆಗೆ ಯಾರೋ ಬಿಗಿಯಾಗಿ ಹಿಡಿದುಕೊಂಡರು. ಕರೆಂಟ್ ಎತ್ತಿ ಒಗೆಯುತ್ತದೆಂದು ಕೇಳಿದ್ದೆ. ಇದು ಒಗೆಯಲಿಲ್ಲ, ಹಿಡಿಯಿತು. ಅದೇ ಮೊಣಕೈ, ಅದೇ ಹಿಡಿತ. ಕೈ ಕಿತ್ತುಕೊಂಡು, "ನಾಳೆಯಿಂದ ಹಾಕ್ತೀನ್ರೀ ಅತ್ತೀ!" ಎಂದು ಕೂಗಿದ್ದು ಓಣಿಗೆಲ್ಲ ಕೇಳಿತಂತೆ.

ಓಡಿ ಬಂದವಳು ಸೊಸೆ ಶಾಂತಾ. ಅವಳು ನಿಪ್ಪಾಣಿಯವಳು, ಅಪ್ಪನದು ಮೋಟಾರು ರಿಪೇರಿ ಅಂಗಡಿ. ಬೇರೆ ಸೊಸೆಯಂದಿರು ತವರಿನಿಂದ ಬೆಳ್ಳಿ ಬಟ್ಟಲು ತಂದರೆ ಇವಳು ಕರೆಂಟ್ ಅಳೆಯುವ ಮೀಟರ್ ತಂದಿದ್ದಳು.

"ನಿನ್ನ ಗಂಡನ ಅಜ್ಜಿ ಬಂದಾಳ ಬೇ" ಅಂದೆ.

"ಬಂದಿದ್ರ ಮೀಟರ್‌ನ್ಯಾಗ ಕಾಣತಾರ, ತಡೀರಿ."

ಗಂಗಿಯನ್ನು ಕಟ್ಟಿದ ಕಬ್ಬಿಣದ ಕಂಬಕ್ಕೇ ಸ್ವಿಚ್ಚಿನ ಪೆಟ್ಟಿಗೆ ಬಡಿದಿತ್ತು. ಶಾಂತಾ ಮೀಟರಿನ ಒಂದು ತಂತಿ ಕಂಬಕ್ಕೆ, ಇನ್ನೊಂದು ನೆಲಕ್ಕೆ ಬಡಿದ ಮೊಳೆಗೆ ಹಿಡಿದಳು. ಮುಳ್ಳು ಅರವತ್ತಕ್ಕೆ ಹೋಯಿತು. ಆಮೇಲೆ ಮೇನ್ ಸ್ವಿಚ್ ಆರಿಸಿ, ಕಂಬದಿಂದ ಕುಣಿಯ ಪೈಪಿಗೆ ಹೋಗುವ ತಂತಿ ಬಿಚ್ಚಿ, ನಡುವೆ ಮೀಟರ್ ಸೇರಿಸಿ ಮತ್ತೆ ಹಾಕಿದಳು. ಈ ಸಲ ಮುಳ್ಳು ಅರ್ಧಕ್ಕೆ ನಿಂತಿತು. ಎರಡನ್ನೂ ಇದ್ದಿಲಿನಿಂದ ಗೋಡೆಯ ಮೇಲೆ ಬರೆದಳು.

"ವೋಲ್ಟ್ ಅಂದ್ರ ನೂಕೂ ಜೋರು, ಆಂಪಿಯರ್ ಅಂದ್ರ ಹರಿಯೂದು. ಜೋರನ್ನ ಹರಿವಿನಿಂದ ಭಾಗಿಸಿದ್ರ ದಾರ್ಯಾಗ ಅಡ್ಡಿ ಎಷ್ಟಂತ ತಿಳೀತೈತಿ. ಅರವತ್ತನ್ನ ಅರ್ಧದಿಂದ ಭಾಗಿಸಿದ್ರ ಎಷ್ಟ್ರಿ ಅತ್ತೀ?"

"ಮೂವತ್ತು."

"ಅರವತ್ತು ರೊಟ್ಟಿ ಮಂದಿಗೆ ಅರ್ಧರ್ಧ ಕೊಟ್ರ ಎಷ್ಟ ಮಂದಿ ಉಣತಾರ?"

"ನಮ್ಮ ಮನ್ಯಾಗ ಅರ್ಧಾ ರೊಟ್ಟಿ ತಿನ್ನಾವ್ರು ಯಾರದಾರ ಬೇ?" ಅಂದೆ. ಆಮೇಲೆ ಬೆರಳು ಮಡಚಿ, "ನೂರಾ ಇಪ್ಪತ್ತು" ಅಂದೆ.

"ಹಾಂ, ನೂರಾ ಇಪ್ಪತ್ತು ಓಮ್. ನೀವು ಮೊದಲ ಹೇಳಿದ ಮೂವತ್ತೂ ಖರೇನ ಐತಿ. ಅದು ಎರಡರ ಗುಣಾಕಾರ, ಅದಕ್ಕ ವ್ಯಾಟ್ ಅಂತಾರ. ಅಷ್ಟು ಕರೆಂಟ್ ಸುಮ್ನ ಮಣ್ಣಾಗ ಹೊಂಟೈತಿ." ನನ್ನ ತಪ್ಪು ಉತ್ತರವೂ ಯಾವುದೋ ಲೆಕ್ಕಕ್ಕೆ ಸರಿಯಾದದ್ದು ಜೀವನದಲ್ಲಿ ಅದೊಂದೇ ಸಲ.

"ಪೆಟ್ಟಿಗ್ಯಾಗ ಇಲಿ ತಂತಿ ಕಡದೈತಿ, ಕಂಬಕ್ಕ ಕರೆಂಟ್ ಸೋರಾಕತ್ತೈತಿ. ಆ ಪೈಪು ಅರ್ಥಿಂಗ್‌ದು, ಸೋರಿದ್ದು ಕುಣ್ಯಾಗ ಇಳೀಬೇಕು. ಒಣಗಿದ ಕುಣಿ ಅಡ್ಡಿ ಮಾಡಿ ಬಿಡವಲ್ದು, ಗಂಗಿ ಕಾಲಾಗ ಇಳೀತೈತಿ. ನಮ್ಮೂರಿಗೆ ಕರೆಂಟ್ ಬರೂದು ಹೊತ್ತು ಮುಳುಗಿದಾಗ, ಅದಕ್ಕ ಅದೂ ಅದ ಹೊತ್ತಿಗೆ ನಡುಗತೈತಿ. ಕುಣಿಗೆ ದಿನಾ ನೀರು ಹಾಕಬೇಕಂತ ಯಾರೂ ಹೇಳಿರಲಿಲ್ಲೇನ್ರಿ?"

ಅವಳು ಮೇನ್ ಆರಿಸಿದ ಮೇಲೆ ಎರಡು ಕೊಡ ಹೊತ್ತು ತಂದು ಸುರಿದೆ. ಒಳಗಿನಿಂದ ಗಟಗಟನೆ ಕುಡಿದ ಸದ್ದು ಬಂತು, ಬಹಳ ದಿನ ಕಾದವರು ಕುಡಿದ ಹಾಗೆ. ಮತ್ತೆ ಕರೆಂಟ್ ಹಾಕಿ ಕಂಬಕ್ಕೆ ಮೀಟರ್ ಹಿಡಿದಾಗ ಮುಳ್ಳು ಅರವತ್ತರಿಂದ ಎಂಟಕ್ಕೆ ಇಳಿದಿತ್ತು. ಗಂಗಿ ಉದ್ದನೆಯ ಉಸಿರು ಬಿಟ್ಟು ಹಿಂಡಿಗೆ ಬಾಯಿ ಹಾಕಿದಳು. ಮರುದಿನ ತಂತಿ ಹೊಸದಾಯಿತು. ಮಗ ಸಂತೆಗೆ ಬರಿಗೈಯಲ್ಲಿ ಹೋಗಿ ಬದನೆಕಾಯಿ ತಂದ.

ಈಗ ಸಂಜೆಯ ಕೊಡ ನನ್ನದು. ಪೈಪಿಗೆ ಕುಂಕುಮವನ್ನೂ ಹಚ್ಚುತ್ತೇನೆ. "ನೀರು ಸಾಕ್ರಿ ಅತ್ತೀ, ಕುಂಕುಮಕ್ಕ ಅಡ್ಡಿ ಕಡಿಮಿ ಆಗೂದಿಲ್ಲ" ಎಂದು ಶಾಂತಾ ನಗುತ್ತಾಳೆ. ನಗಲಿ. ಕರೆಂಟ್ ಬಾರದ ಸಂಜೆಗಳಲ್ಲೂ ನಾನು ನೀರು ಸುರಿಯುವಾಗ ಗಂಗಿ ಮೇವು ಬಿಟ್ಟು ತಲೆ ಎತ್ತುತ್ತಾಳೆ. ನನ್ನನ್ನಲ್ಲ, ನನ್ನ ಹೆಗಲ ಹಿಂದೆ ಯಾರನ್ನೋ ನೋಡುತ್ತಾಳೆ. ಇದನ್ನು ಸೊಸೆಗೆ ಹೇಳಿಲ್ಲ. ಹೇಳಿದರೆ ಮೀಟರ್ ತಂದು ಅದನ್ನೂ ಭಾಗಿಸುತ್ತಾಳೆ. ನಾನಂತೂ ಹಿಂದೆ ತಿರುಗಿ ನೋಡುವುದಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಕೊಡದಲ್ಲಿ ಒಂದು ಹನಿಯೂ ಉಳಿಸದೆ ಸುರಿಯುತ್ತೇನೆ.