ಶೇಡಬಾಳದ ಆಯಿ ಮತ್ತು ಗ್ರಾಫಿಕ್ಸ್ ಕಾರ್ಡು

ಕಂಪ್ಯೂಟರ್ ಅಂಗಡಿ ಇಟ್ಟಮ್ಯಾಲೆ ದಿನಾ ಒಂದಿಲ್ಲೊಂದು ಫಜೀತಿ ಇದ್ದದ್ದ. ನಂದು ಕಾಗವಾಡದಾಗ ಇತ್ತು. ಆಟದ ಹುಚ್ಚಿನವರು "ಹೊಸಾ ಗ್ರಾಫಿಕ್ಸ್ ಕಾರ್ಡ್ ಹಾಕ್ರಿ, ಚಿತ್ರ ಚೊಕ್ಕ ಕಾಣಬೇಕು" ಅಂತ ಬರಾಕ ಹತ್ತಿದ ಕಾಲ ಅದು. ಕಾರ್ಡ್ ಮಾರೂದು ತ್ರಾಸಿರಲಿಲ್ಲ. ಮಾರಿದ್ದು ವಾಪಸ್ ಬರಬಾರದು, ಅದೊಂದ ಚಿಂತಿ. ಡಬ್ಬಿ ಒಡದ ಮಾಲನ್ನ, ನನಗ ಮಾಲ್ ಕೊಡೂ ಸಾಂಗ್ಲಿ ವ್ಯಾಪಾರಿ ತಿರುಗಿ ಮುಟ್ಟತಿರಲಿಲ್ಲ.

೧. ತಂಬಾಕಿನ ಕೈ

ನಿಪ್ಪಾಣಿಯ ಒಬ್ಬ ತಂಬಾಕು ಸಾವಕಾರ ಮಗನ ಸಲುವಾಗಿ ಕಾರ್ಡ್ ನೋಡಾಕ ಬಂದ. ಎರಡು ತೋರಿಸಿ, ಇದರಾಗ ಇಷ್ಟು ಮೆಮರಿ, ಅದರಾಗ ಅಷ್ಟು ಅಂತ ಗಂಟಲು ಹರಕೊಂಡೆ. ಆಂವಾ ಒಂದೂ ಕೇಳಲಿಲ್ಲ. ಎರಡನ್ನೂ ಅಂಗೈಯಾಗ ತೂಗಿದ, ಮೂಗಿಗೆ ಹಿಡಿದು ನೋಡಿದ, ಭಾರ ಇದ್ದದ್ದನ್ನ ಆರಿಸಿದ. ಅದು ಎಷ್ಟು ಉದ್ದ ಇತ್ತಂದ್ರ ಅವರ ಕಂಪ್ಯೂಟರ್ ಡಬ್ಬಿಯೊಳಗ ಕೂಡ್ರಲೇ ಇಲ್ಲ.

"ಸಾವಕಾರ್ರ, ಸಣ್ಣದ ತಗೊಳ್ರಿ" ಅಂದೆ.

"ಗೋದಾಮ ಸಣ್ಣದಾತಂತ ಚಲೋ ಮಾಲ್ ಬಿಡ್ತಾರೇನ್ರಿ? ಗೋದಾಮ ದೊಡ್ಡದ ಮಾಡ್ರಿ!"

ಡಬ್ಬಿನೂ ಹೊಸಾದ ಹಾಕಿಕೊಟ್ಟೆ.

೨. ಸೋಸೂ ಅರಬಿ

ಶೇಡಬಾಳದ ಜೈನರ ಮನಿ ಹುಡುಗ, ಕಬ್ಬಿನ ಹೊಲಾ ನೋಡಿಕೊಂಡಿರಾಂವ, ಆಸೆಪಟ್ಟು ಒಂದು ಕಾರ್ಡ್ ಒಯ್ದ. ವಾರದಾಗ ಫೋನ್ ಮಾಡಿದ: "ಅಣ್ಣಾರ, ಕಾರ್ಡ್ ಬಿಸಿಯಾಗಿ ಕಂಪ್ಯೂಟರ್ ಬಂದ್ ಆಗತೈತ್ರಿ."

ಹೋಗಿ ನೋಡತೀನಿ, ಕಂಪ್ಯೂಟರಿಗೆ ನೀರು ಸೋಸೂ ಬಿಳಿ ಅರಬಿ ಬಿಗಿಯಾಗಿ ಕಟ್ಟೈತಿ! ಕಟ್ಟಿದವರು ಹುಡುಗನ ಆಯಿ, ಅಂದರ ಅಜ್ಜಿ. ಮನ್ಯಾಗ ಅವರ ಮಾತ ಕಡೀ ಮಾತು.

"ತಮ್ಮಾ, ನೀ ಕೊಟ್ಟ ಕಾರ್ಡಿಗೆ ಎರಡು ಫ್ಯಾನ್ ಅದಾವು. ಹುಳಾ ಸಿಕ್ಕು ಸತ್ರ ಆ ಪಾಪ ಯಾರಿಗೆ? ಅರಬಿ ಬ್ಯಾಡಂದ್ರ ಕಾರ್ಡ್ ವಾಪಸ್ ಒಯ್ಯಿ."

ಅರಬಿ ಬಿಚ್ಚಿದೆ. ಕಿಡಕಿಗೆ ಬಡಿಯೂ ಸೊಳ್ಳಿ ಜಾಳಗಿ ಕತ್ತರಿಸಿ ಡಬ್ಬಿಗೆ ಹಚ್ಚಿದೆ. ಗಾಳಿ ಹೋಗತಿತ್ತು, ಹುಳಾ ಹೋಗತಿರಲಿಲ್ಲ. ಆಯಿ ಬಗ್ಗಿ ನೋಡಿ, "ಈಗ ಇದು ನಮ್ಮ ಮನೀದು ಆತು" ಅಂತ ಚಾ ಕೊಟ್ರು.

೩. ಚೊಕ್ಕ ಕಂಡದ್ದು

ಶೇಡಬಾಳದಿಂದ ಮತ್ತೊಂದು ಫೋನ್ ಬಂತು, ಮತ್ತ ಹೋದೆ. ಹಳೇ ಕಾರ್ಡಿನಾಗ ಎಲ್ಲಾ ಮಸುಕಿತ್ತು. ಆಟದಾಗಿನ ಕೆಂಪು ನೋಡಿ ಮೊಮ್ಮಗ ಬಣ್ಣದ ಓಕಳಿ ಆಡಾಕತ್ತಾನ ಅಂತ ಆಯಿ ತಿಳಕೊಂಡಿದ್ದರಂತ. ಹೊಸಾ ಕಾರ್ಡ್ ಹಾಕಿದಮ್ಯಾಲೆ ಬಂದೂಕೂ ಕಂಡ್ವು, ಬಿದ್ದವರೂ ಕಂಡ್ರು.

"ಹುಳಕ್ಕ ಜಾಳಗಿ ಹಚ್ಚಿದಿ, ಮನಿಷ್ಯಾರಿಗೆ ಏನ ಹಚ್ಚತಿ?" ಅಂತ ಆಯಿ ನನ್ನನ್ನ ಹಿಡಕೊಂಡ್ರು. "ಜೀವ ತಗೀಲಾರದಂಥಾ ಆಟ ಇದ್ರ ಹೇಳು, ಇಲ್ಲಂದ್ರ ಕಾರ್ಡ್ ಕೀಳು."

ಹುಡುಗನ ಮಾರಿ ನೋಡಿ ಸಂಕಟ ಆತು. ಟ್ರ್ಯಾಕ್ಟರ್ ಹೊಡದು ಹೊಲಾ ಮಾಡೂ ಆಟ ಹಾಕಿಕೊಟ್ಟೆ. ಆಯಿ ಖುರ್ಚಿ ಎಳಕೊಂಡು ಕುಂತ್ರು.

೪. ವಾಪಸ್

ತಿಂಗಳ ಕಳದು ಹುಡುಗ ತಾನ ಕಾರ್ಡ್ ಬಿಚ್ಚಿಕೊಂಡು ಅಂಗಡಿಗೆ ಬಂದ. ಕಣ್ಣು ಒಳಗ ಹೋಗಿದ್ದವು ಪಾಪ.

"ಅಣ್ಣಾರ, ಕೈ ಮುಗೀತೀನಿ, ಇದನ್ನ ವಾಪಸ್ ತಗೊಳ್ರಿ."

"ಯಾಕೋ, ಆಯಿ ಸಿಟ್ಟಾದ್ರೇನು?"

"ಸಿಟ್ಟಾಗಿದ್ರ ಚಲೋ ಇತ್ರಿ! ಮುಂಜಾನಿಂದ ಕಬ್ಬಿನಾಗ ದುಡದು ಬರ್ತೀನಿ. ಕಾಲ ತೊಳಕೊಳ್ಳೂದ ತಡ, ಆಯಿ ಆ ಆಟದ ಹೊಲಕ್ಕ ಅಟ್ಟತಾಳ. 'ಮೂಲಿ ಬಿಟ್ಟಿ, ಸಾಲ ಡೊಂಕ ಹೊಡದಿ' ಅಂತ ಬೈತಾಳ. ಬಟಾಟಿ ಹಚ್ಚಿದ್ರ ಗಡ್ಡಿ ಜೈನರಿಗೆ ಸಲ್ಲಂಗಿಲ್ಲಂತ ಕೀಳಸ್ತಾಳ, ಹುಳಾ ಸಾಯ್ತಾವಂತ ಔಷಧ ಹೊಡ್ಯಾಕ ಬಿಡಂಗಿಲ್ಲ. ಎರಡೆರಡು ಹೊಲಾ ನನ್ನ ಕಡೆ ಆಗಂಗಿಲ್ರಿ!"

ಅಷ್ಟರಾಗ ಬಾಗಿಲಾಗ ರಿಕ್ಷಾ ನಿಂತಿತು. ಆಯಿ ಇಳದು ಬಂದವರೇ, ಮೊಮ್ಮಗನ ಕೈಯಾನ ಕಾರ್ಡ್ ಕಸಗೊಂಡ್ರು.

"ಗೋದಿ ಕೊಯ್ಲಿಗೆ ಬಂದೈತಿ. ಪೀಕ ನಿಂತ ಹೊಲಾ ಯಾರರ ವಾಪಸ್ ಕೊಡ್ತಾರೇನಲೇ?"